ರಷ್ಯನ್ ಮನೆಯ ಕುಸ್ವಾರ್

ನನ್ನ ಪಾಸ್‌ಪೋರ್ಟು ಕಾರಿನ ಕಿಟಕಿಯ ಹೊರಗಿತ್ತು!

ಎರಡು ಬೆರಳು. ಆ ಅಮೆರಿಕನ್ ಎರಡೇ ಬೆರಳಲ್ಲಿ ಅದನ್ನು ಹಿಡಿದುಕೊಂಡಿದ್ದ. ಪುಟಗಳು ಗಾಳಿಗೆ ಪಟಪಟ ಬಡಿಯುತ್ತಿದ್ದವು. ಲ್ಯಾಂಡ್ ಕ್ರೂಸರ್ ಸೀಬ್ ಹೈವೇಯಲ್ಲಿ ಹಾರುತ್ತಿತ್ತು. ನೂರಿಪ್ಪತ್ತು ದಾಟಿದರೆ ಮಸ್ಕತ್ತಿನ ಕಾರುಗಳಲ್ಲಿ ಒಂದು ಗಂಟೆ ಹೊಡೆದುಕೊಳ್ಳುತ್ತದಲ್ಲ... ಟಿಣ್, ಟಿಣ್, ಟಿಣ್. ಅದು ನಿಲ್ಲುತ್ತಲೇ ಇರಲಿಲ್ಲ.

"ಬಿಡಲಾ?" ಎಂದ.

"ಬೇಡ ಸಾರ್!"

"ಹಾಗಾದರೆ ಯೋಚಿಸು. ಬೇಗ ಯೋಚಿಸು."

ತಾಳಿ... ಬೆಲ್ಟಿನ ದೀಪ ಹತ್ತಿದೆಯಲ್ಲ. ಹಾಕಿಕೊಳ್ಳಿ. ಬೊಂಬಾಯಿ ಹತ್ತಿರ ಬಂತಂತೆ. ವಿಮಾನ ಇಳಿದು ನಿಲ್ಲುವವರೆಗೆ ನೀವು ಎದ್ದು ಹೋಗುವಂತಿಲ್ಲ. ನಾನೂ ಹೋಗುವಂತಿಲ್ಲ. ಮಸ್ಕತ್ತಿನಿಂದ ಇಲ್ಲಿಯವರೆಗೆ ಬಾಯಿ ಮುಚ್ಚಿಕೊಂಡು ಕೂತದ್ದು ಈ ದೀಪಕ್ಕಾಗಿಯೇ.

ನನ್ನ ಹೆಸರು ಭೋಜರಾಜ. ಊರು ಮೂಲ್ಕಿಯ ಹತ್ತಿರ. ಮಸ್ಕತ್ತಿನ ರೂವಿಯಲ್ಲಿ ಯಾರನ್ನು ಕೇಳಿದರೂ ಭೋಜಣ್ಣ ಎಂದರೆ ಗೊತ್ತು. ವೀಸಾ ಸಿಕ್ಕಿಹಾಕಿಕೊಂಡಿತೇ? ಭೋಜಣ್ಣ. ಡ್ರೈವರ್ ಗಾಡಿ ಸಮೇತ ನಾಪತ್ತೆಯೇ? ಭೋಜಣ್ಣ. ಕಫೀಲ್ ಮುನಿಸಿಕೊಂಡು ಮಾತು ಬಿಟ್ಟನೇ? ಅದಕ್ಕೂ ಭೋಜಣ್ಣನೇ. ಇಂಥ ಕೆಲಸದಲ್ಲಿ ಎರಡು ಏಟು ತಿಂದಿದ್ದೇನೆ, ನಾಲ್ಕು ಏಟು ಕೊಟ್ಟಿದ್ದೇನೆ. ಹೆದರುವ ಗಿರಾಕಿ ಅಲ್ಲ ನಾನು... ಹಾಗಂದುಕೊಂಡಿದ್ದೆ.

ಆದರೆ ಆ ಪಾಸ್‌ಪೋರ್ಟು ಇರಬೇಕಾದದ್ದು ನನ್ನ ಕಫೀಲನ ಕಪಾಟಿನಲ್ಲಿ. ವೀಸಾ ಕೊಟ್ಟವನು ಅವನು, ಹಾಗಾಗಿ ಬೀಗವೂ ಅವನದೇ. ಅಲ್ಲಿಂದ ಅದು ಈ ಬಿಳಿ ಬೆರಳುಗಳಿಗೆ ಬಂದಿದೆ ಎಂದರೆ ನನ್ನ ಕಾಲಿನ ಕೆಳಗೆ ನೆಲವೇ ಇಲ್ಲ ಎಂದು ಅರ್ಥ. ಗುಬ್ರಾದ ಫ್ಲಾಟು, ಹೆಂಡತಿ ಹರಿಣಾಕ್ಷಿ, ಮಗಳ ಇಂಡಿಯನ್ ಸ್ಕೂಲು... ಎಲ್ಲ ಆ ಒಂದು ಪುಸ್ತಕದ ಮೇಲೆ ನಿಂತಿತ್ತು.

ಅಮೆರಿಕನ್ನನ ಹೆಸರು ಹ್ಯಾಲೊರನ್. ಸೀಬ್ ಕಡೆಯ ಒಂದು ಸಪ್ಲೈ ಕಂಪನಿಯ ಸೆಕ್ಯುರಿಟಿ ಮ್ಯಾನೇಜರ್. ಏನು ಸಪ್ಲೈ, ಯಾರಿಗೆ ಸಪ್ಲೈ ಎಂದು ಕೇಳುವವರು ಯಾರೂ ಇರಲಿಲ್ಲ. ಗಾಡಿ ಓಡಿಸುತ್ತಿದ್ದವನು ಹಂಝ. ಉಳ್ಳಾಲದ ಬ್ಯಾರಿ. ನನ್ನ ಎರಡರಷ್ಟು ಅಗಲ. ಹ್ಯಾಲೊರನ್ ಹೊಡೆ ಎಂದರೆ ಹೊಡೆಯುವುದೂ ಅವನ ಡ್ಯೂಟಿಯೇ.

"ಶಾತಿಯಲ್ಲಿ ಒಂದು ರಷ್ಯನ್ ಮನೆ ಇದೆ," ಎಂದ ಹ್ಯಾಲೊರನ್.

ಆ ಮನೆ ನಿಮಗೂ ಗೊತ್ತಿರಬಹುದು. ರಷ್ಯನ್ನರು ಮಸ್ಕತ್ತಿಗೆ ಬಂದು ಹೆಚ್ಚು ಕಾಲ ಆಗಿರಲಿಲ್ಲ. ಅವರ ಬಾವುಟ ಏರಿದ್ದೇ ತಡ, ಈ ಅಮೆರಿಕನ್ನರಿಗೆ ಹೊಟ್ಟೆಯಲ್ಲಿ ಹುಳ ಬಿಟ್ಟ ಹಾಗಾಗಿತ್ತು. ಅವರ ಮನೆಯ ಗೇಟಿಗೆ ಯಾರು ಬಂದರು, ಯಾರು ಹೋದರು, ಕಸದ ಬುಟ್ಟಿಯಲ್ಲಿ ಏನಿತ್ತು... ಎಲ್ಲ ಇವರಿಗೆ ಬೇಕು.

"ಅಡುಗೆಯವನು ನಿಮ್ಮವನು. ಫೌಸ್ಟಿನ್. ಊಟದ ಮೇಜಿನ ಕೆಳಗೆ ಅವನು ಒಂದು ಚಿಕ್ಕ ಯಂತ್ರ ಅಂಟಿಸಬೇಕು. ಕೇಳಿದೆವು. ಆಗುವುದಿಲ್ಲ ಎಂದ."

"ಅವ ಹಾಗೇ ಸಾರ್. ಉಪ್ಪು ತಿಂದ ಮನೆಗೆ ಎರಡು ಬಗೆಯುವವ ಅಲ್ಲ."

"ಅವನ ತಂಗಿ ನಮ್ಮ ಆಫೀಸಿನಲ್ಲಿ ಟೈಪಿಸ್ಟ್."

ನನಗೆ ಅರ್ಥವಾಯಿತು. ಕಾರ್ಮಿನ್! ಗುಬ್ರಾದಲ್ಲಿ ನಮ್ಮ ಪಕ್ಕದ ಬಿಲ್ಡಿಂಗು. ಗಂಡ ಲಿಗೋರಿ ನೀರಿನ ಪ್ಲಾಂಟಿನಲ್ಲಿ ಶಿಫ್ಟ್ ಮಾಡುತ್ತಾನೆ. ಹರಿಣಾಕ್ಷಿಗೂ ಅವಳಿಗೂ ದಿನಕ್ಕೊಮ್ಮೆ ಮಾತಾಡದಿದ್ದರೆ ಉಂಡದ್ದು ಕರಗುವುದಿಲ್ಲ.

"ತಂಗಿಯ ಮನೆಯಲ್ಲಿ ನಮ್ಮ ರನ್‌ವೇಯ ಫೋಟೊ ಇರುವ ರೀಲು ಸಿಗಬೇಕು. ಆಗ ಅಣ್ಣ ಬರುತ್ತಾನೆ. ಮಂಡಿಯೂರಿ ಬರುತ್ತಾನೆ. ಬರದಿದ್ದರೆ ಅವಳು ಜೈಲಿಗೆ. ಆದರೆ ರೀಲು ರಷ್ಯನ್ ಮನೆಯಿಂದಲೇ ಬಂದ ಹಾಗೆ ಕಾಣಬೇಕು. ಅಣ್ಣ-ತಂಗಿ ಭೇಟಿ ಆಗುವುದೇ ಇಲ್ಲ. ಏನು ಮಾಡುವುದು?"

ಇಲ್ಲಿ ಕೇಳಿ. ಇಲ್ಲಿಯವರೆಗೆ ತಪ್ಪೆಲ್ಲ ಅವನದು. ನಾನು ಗೊತ್ತಿಲ್ಲ ಎನ್ನಬಹುದಿತ್ತು. ಅವನಿಗೆ ನಿಜವಾಗಿಯೂ ದಾರಿ ಹೊಳೆದಿರಲಿಲ್ಲ. ಕ್ಯಾಲಿಫೋರ್ನಿಯಾದವನಿಗೆ ನಮ್ಮೂರಿನ ಕ್ರಿಶ್ಚಿಯನ್ನರ, ನಮ್ಮ ಪೊರ್ಬುಗಳ ಮನೆಯ ಡಿಸೆಂಬರ್ ತಿಂಗಳು ಹೇಗೆ ಗೊತ್ತಿರಬೇಕು?

ನಾನೇ ಹೇಳಿದೆ!

"ಕ್ರಿಸ್‌ಮಸ್ ಬಂತಲ್ಲ ಸಾರ್... ಕುಸ್ವಾರ್ ಹೋಗ್ತದೆ."

"ಏನದು?"

"ತಿಂಡಿ ಸಾರ್. ನೆವ್ರಿ, ಕಿಡಿಯೊ... ಮಾಡಿ ಡಬ್ಬಿಗೆ ತುಂಬಿಸಿ ಮನೆ ಮನೆಗೆ ಕಳಿಸ್ತಾರೆ. ತಂಗಿಗೆ ಕಳಿಸದೆ ಇರ್ಲಿಕ್ಕೇ ಇಲ್ಲ. ಅವನಿಗೆ ಹೊರಗೆ ಬರ್ಲಿಕ್ಕೆ ಬಿಡುದಿಲ್ಲ, ಹಾಗೆ ನನ್ನತ್ರವೇ ಕೊಡ್ತಾನೆ."

ಹ್ಯಾಲೊರನ್ ನಕ್ಕ. ಪಾಸ್‌ಪೋರ್ಟು ಒಳಗೆ ಬಂತು. ಹಂಝ ವೇಗ ಇಳಿಸಿದ, ಗಂಟೆ ನಿಂತಿತು. ಕನ್ನಡಿಯಲ್ಲಿ ಹಂಝನ ಕಣ್ಣು ನನ್ನನ್ನೇ ನೋಡುತ್ತಿತ್ತು. ನಾನು ಕಿಟಕಿಯ ಕಡೆ ತಿರುಗಿದೆ. ಹೆದರಿ ಹೇಳಿದ್ದೆನೇ? ಹೆದರಿದ್ದೆ, ನಿಜ. ಆದರೆ ಬಾಯಿಂದ ಆ ಮಾತು ಹೊರಟದ್ದು ಹೆದರಿಕೆಯಿಂದ ಅಲ್ಲ. ನನಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲವಲ್ಲ ಎಂಬ ಹೆಚ್ಚುಗಾರಿಕೆ ಇತ್ತು ನೋಡಿ, ಅದರಿಂದ. ಹೇಳಲು ನಾಚಿಕೆಯಾಗುತ್ತದೆ. ಶಾಭಾಸ್ ಎನ್ನಲಿ ಎಂದು ಒಂದು ಕ್ಷಣ ಕಾದಿದ್ದೆ ಕೂಡ.

ಗುರುವಾರ ಮಧ್ಯಾಹ್ನ ಶಾತಿಗೆ ಹೋದೆ. ಹಿಂದಿನ ಗೇಟು. ಅಡುಗೆಮನೆಯಿಂದ ತೆಂಗಿನೆಣ್ಣೆಯ ಪರಿಮಳ ಬೀದಿಯವರೆಗೆ ಬರುತ್ತಿತ್ತು.

"ಬನ್ನಿ ಭೋಜಣ್ಣ, ಬನ್ನಿ!" ಫೌಸ್ಟಿನ್ ಮೈದಾ ಹಿಟ್ಟಿನ ಕೈಯಲ್ಲೇ ಬಾಗಿಲು ತೆಗೆದ. "ಕೂತ್ಕೊಳ್ಳಿ ಮಾರಾಯ್ರೆ. ಚಾ ಕುಡೀತೀರಾ?"

"ಬೇಡ ಪೊರ್ಬುಗಳೇ, ಅರ್ಜೆಂಟ್ ಉಂಟು. ಎಂತ, ರಷ್ಯನ್ನರ ಒಲೆಯಲ್ಲಿ ಕುಸ್ವಾರಾ?"

"ಅವರಿಗೆ ಕ್ರಿಸ್‌ಮಸ್ಸೇ ಇಲ್ಲ ಭೋಜಣ್ಣ! ದೇವರೇ ಇಲ್ಲ ಅಂತಾರೆ. ಆದ್ರೆ ನನ್ನ ನೆವ್ರಿ ಮಾತ್ರ ಬಿಡುದಿಲ್ಲ. ನಿನ್ನೆ ಸಾಹೇಬ್ರು ನಿಂತಲ್ಲೇ ಹತ್ತು ಮುಗಿಸಿದ್ರು."

ಅವನು ನಗುತ್ತಿದ್ದ. ಹಿತ್ತಲ ನಲ್ಲಿಯ ಹತ್ತಿರ ಒಬ್ಬ ಬೆನ್ನು ಹಾಕಿ ದೊಡ್ಡ ಬಾಣಲೆ ಉಜ್ಜುತ್ತಿದ್ದ. ಬನಿಯನ್ನು ಬೆವರಿಗೆ ಅಂಟಿತ್ತು. ಏನೋ ಗುನುಗುತ್ತಿದ್ದ.

"ನಮ್ಮ ಹೆಲ್ಪರ್. ಶಿರ್ವದವ," ಎಂದ ಫೌಸ್ಟಿನ್. "ಮೊನ್ನೆ ಡ್ರಮ್ ಟೆಸ್ಟ್ ಪಾಸಾಯ್ತು. ಮೂರನೇ ಸಲಕ್ಕೆ! ಹೊಸ ವರ್ಷದಿಂದ ಸಾಹೇಬ್ರ ಗಾಡಿಗೆ ಇವನೇ ಡ್ರೈವರ್. ಪಾಪ, ಖುಷಿಯಲ್ಲಿ ನಾಲ್ಕು ದಿನದಿಂದ ಹಾಡ್ತಾ ಇದ್ದಾನೆ."

ನಾನು ತಲೆಯಾಡಿಸಿದೆ. ಡ್ರಮ್ಮುಗಳ ನಡುವೆ ಹಿಂದಕ್ಕೆ ಗಾಡಿ ತೆಗೆಯುವುದು ಎಂಥ ಪಾಡು ಎಂದು ನನಗೂ ಗೊತ್ತು.

ಫೌಸ್ಟಿನ್ ಡಬ್ಬಿ ತಂದ. ನೀಲಿ ಬಣ್ಣದ್ದು. ಬಿಸ್ಕತ್ತು ಮುಗಿದ ಮೇಲೆ ಎಲ್ಲರ ಮನೆಯಲ್ಲೂ ಸೂಜಿ ದಾರ ಹಾಕಿಡುತ್ತಾರಲ್ಲ, ಅಂಥದ್ದು. ತುಂಬಿ ಮುಚ್ಚಳ ಕಷ್ಟದಲ್ಲಿ ಕೂತಿತ್ತು.

"ಇದು ಕಾರ್ಮಿನ್‌ಗೆ. ನಿಮ್ಗೆ ಬೇರೆ ಕಟ್ಟಿ ಇಟ್ಟಿದ್ದೇನೆ. ಹರಿಣಾಕ್ಷಕ್ಕನಿಗೆ, ಬೇಬಿಗೆ."

ಕೈ ಚಾಚಲು ಆಗಲಿಲ್ಲ. ಒಂದು ಕೈಯಲ್ಲಿ ಅವನ ತಂಗಿಯ ಕುತ್ತಿಗೆಗೆ ಹಗ್ಗ, ಇನ್ನೊಂದು ಕೈಯಲ್ಲಿ ಅವನ ನೆವ್ರಿ... ಅಷ್ಟು ಕೆಟ್ಟವನಲ್ಲ ನಾನು ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಿತ್ತು.

"ನಂಗೆ ಬೇಡ ಪೊರ್ಬುಗಳೇ."

"ಎಂತ ಬೇಡ? ವರ್ಷಕ್ಕೊಮ್ಮೆ!"

"ಡಾಕ್ಟ್ರು ಎಣ್ಣೆ ಬೇಡ ಅಂದಿದ್ದಾರೆ. ಇಲ್ಲಿಯವ್ರಿಗೇ ಕೊಡಿ."

ಅವನ ಮುಖ ಸಣ್ಣದಾಯಿತು. ನಾನು ಡಬ್ಬಿ ಹಿಡಿದು ಹೊರಟುಬಿಟ್ಟೆ. ದೊಡ್ಡ ಮನುಷ್ಯನ ಹಾಗೆ ಬೇಡ ಎಂದೆನಲ್ಲ... ಆ ಒಂದು ಬೇಡ ನನ್ನನ್ನು ಎಲ್ಲಿಗೆ ತಂದಿತು, ಈಗ ನೋಡಿ.

ಕುರ್ಮ್ ದಾಟಿದ ಮೇಲೆ ಒಂದು ಖಾಲಿ ಸೈಟಿನಲ್ಲಿ ಹಂಝ ಕಾಯುತ್ತಿದ್ದ. ನನ್ನ ಡಾಟ್ಸನ್ ಪಿಕಪ್ಪಿನ ಕಿಟಕಿಗೆ ಬಂದು ಕಪ್ಪು ಪ್ಲಾಸ್ಟಿಕ್ ಕುಪ್ಪಿ ಕೊಟ್ಟ. ಒಳಗೆ ರೀಲು.

"ನೀನೇ ಹಾಕು," ಎಂದೆ.

"ನಾನಾ? ನಂಗೆ ಗಾಡಿ ಓಡಿಸ್ಲಿಕ್ಕೆ ಸಂಬಳ. ಆ ಹುಡುಗಿ ಆಫೀಸಲ್ಲಿ ನನ್ನನ್ನು ಹಂಝಣ್ಣ ಅಂತ ಕರೀತದೆ. ನೀವೇ ಹಾಕಿ."

ಹಾಕಿದೆ. ಮುಚ್ಚಳ ತೆಗೆದು, ನೆವ್ರಿಗಳನ್ನು ಸರಿಸಿ, ತಳದಲ್ಲಿದ್ದ ಬೆಣ್ಣೆ ಕಾಗದದ ಕೆಳಗೆ ತೂರಿಸಿದೆ. ಬೆರಳಿಗೆ ಎಳ್ಳು ಸಕ್ಕರೆ ಅಂಟಿತು. ಪ್ಯಾಂಟಿಗೆ ಒರೆಸಿಕೊಂಡೆ.

ಕಾರ್ಮಿನ್ ಬಾಗಿಲು ತೆಗೆದಳು. ಗುರುವಾರ ರಜೆ, ಮನೆಯಲ್ಲೇ ಇದ್ದಳು. ಟೇಬಲ್ಲಿನ ತುಂಬ ಅವಳೇ ಮಾಡಿದ ಕುಸ್ವಾರ್ ಹರಡಿತ್ತು. ಮೂಲೆಯಲ್ಲಿ ಅರ್ಧ ಕಟ್ಟಿದ ಗೋದಲಿ, ಅದರ ಹುಲ್ಲು.

"ಅಯ್ಯೋ, ಅಣ್ಣ ಕಳಿಸಿದ್ದಾ! ಒಳಗೆ ಬನ್ನಿ ಭೋಜಣ್ಣ, ಶರಬತ್ ಮಾಡ್ತೇನೆ."

"ಇಲ್ಲ ಕಾರ್ಮಿನ್ ಬಾಯಿ. ಕೆಲಸ ಉಂಟು."

"ಅಣ್ಣ ಹೇಗಿದ್ದಾನೆ? ಸಪೂರ ಆಗಿದ್ದಾನಾ?"

"ಚೆನ್ನಾಗಿದ್ದಾನೆ." ನಾನು ಅವಳ ಮುಖ ನೋಡಲಿಲ್ಲ. ಗೋದಲಿಯ ಕುರಿಗಳನ್ನು ನೋಡುತ್ತಿದ್ದೆ.

ಅದು ಕಂಪನಿಯ ಫ್ಲಾಟು. ಕಂಪನಿಯ ಬೀಗ, ಕಂಪನಿಯ ಕೀ. ಸಂಜೆ ಬಿಸಿಲು ಇಳಿಯುವ ಮುಂಚೆ ಹ್ಯಾಲೊರನ್ ಬಂದು ಬಾಗಿಲು ತೆಗೆಯುತ್ತಾನೆ. ನೇರ ಡಬ್ಬಿಗೆ ಕೈ ಹಾಕುತ್ತಾನೆ. ನಾನು ಆಗ ರೂವಿಯಲ್ಲಿರಬೇಕು. ನಾಲ್ಕು ಜನ ನೋಡುವ ಹಾಗೆ ಇರಬೇಕು. ಖಲಾಸ್!

ರೂವಿಯ ಒಂದು ಮಲಬಾರಿ ಹೋಟೆಲಿನಲ್ಲಿ ಕೂತೆ. ಚಹಾ ಹೇಳಿದೆ. ಗೋಡೆಯ ಟಿವಿಯಲ್ಲಿ ಸುದ್ದಿ. ರಷ್ಯದ ದೊಡ್ಡವರೂ ಅಮೆರಿಕದ ದೊಡ್ಡವರೂ ಕೈ ಕುಲುಕುತ್ತಿದ್ದ ಫೋಟೊವನ್ನೇ ಆ ತಿಂಗಳಿಡೀ ತೋರಿಸುತ್ತಿದ್ದರು. ಬಾಯಿ ತುಂಬ ನಗು! ಒಬ್ಬರ ಹೆಗಲ ಮೇಲೆ ಇನ್ನೊಬ್ಬರ ಕೈ. ಅವರು ಅಲ್ಲಿ ನಗುತ್ತಿದ್ದರೆ ಇಲ್ಲಿ ನಾವು ನೆವ್ರಿಯ ಕೆಳಗೆ ರೀಲು ಬಚ್ಚಿಡುತ್ತಿದ್ದೆವು.

ಕಾರ್ಮಿನ್ ಅಳುವುದು ಕಣ್ಣಿಗೆ ಕಟ್ಟಿತು. ಎದ್ದು ಹೋಗಿ ಹೇಳಿಬಿಡಲೇ? ಹೇಳಿದರೆ ಪಾಸ್‌ಪೋರ್ಟು? ಕೂತೇ ಇದ್ದೆ. ಸುಮ್ಮನೆ ಕೂರಲಾಗದೆ ಕೌಂಟರಿನ ಫೋನಿನಿಂದ ಮನೆಗೆ ಮಾಡಿದೆ.

ಮಗಳು ಎತ್ತಿದಳು.

"ಪಪ್ಪಾ! ಗೆಸ್ ವಾಟ್? ಕಾರ್ಮಿನ್ ಆಂಟಿ ಗೇವ್ ಅಸ್ ಎ ಬಿಗ್ ಬ್ಲೂ ಟಿನ್!"

"...ಎಂತ ಟಿನ್?"

"ಬ್ಲೂ ಟಿನ್ ಪಪ್ಪಾ! ಐ ಏಟ್ ತ್ರೀ!"

"ಅಮ್ಮನಿಗೆ ಕೊಡು. ಬೇಗ!"

ಹರಿಣಾಕ್ಷಿ ಬಂದಳು. "ಎಂತ ನೀವು, ಫೌಸ್ಟಿನ್ ಪೊರ್ಬು ಪ್ರೀತಿಯಲ್ಲಿ ಕೊಟ್ಟದ್ದು ಬೇಡ ಅಂದ್ರಂತೆ? ಅವರಿಗೆ ಎಷ್ಟು ಬೇಜಾರಾಗಿದೆ ಗೊತ್ತುಂಟಾ? ಕಾರ್ಮಿನ್ ಬಾಯಿಗೆ ಫೋನ್ ಮಾಡಿ, ಡಬ್ಬಿ ಹಾಗೇ ಭೋಜಣ್ಣನ ಮನೆಗೆ ಕೊಡು, ನಿಂಗೆ ಆಮೇಲೆ ಕಳಿಸ್ತೇನೆ ಅಂದ್ರಂತೆ. ಅವಳು ಮುಚ್ಚಳ ಕೂಡ ತೆಗೀಲಿಲ್ಲ, ಹಾಗೇ ತಂದು ಕೊಟ್ಳು. ನಂಗೆ ಮುಖ ಎಲ್ಲಿ ಇಡ್ಬೇಕು ಗೊತ್ತಾಗ್ಲಿಲ್ಲ."

ರಿಸೀವರ್ ಬಿಸಾಕಿ ಗಾಡಿಯ ಕಡೆ ಓಡಿದೆ!

ಮೂಲ್ಕಿಯಲ್ಲಿ ಹುಟ್ಟಿ ಬೆಳೆದವನು ನಾನು. ನೆರೆಮನೆಯ ಬಾಯಮ್ಮನ ಕುಸ್ವಾರ್ ತಿಂದೇ ದೊಡ್ಡವನಾದವನು. ಆ ತಿಂಡಿ ಬಂದ ಮನೆಯಲ್ಲೇ ಉಳಿಯುವುದಿಲ್ಲ, ಒಂದು ಮನೆಯಿಂದ ಇನ್ನೊಂದಕ್ಕೆ ನಡೆಯುತ್ತಲೇ ಇರುತ್ತದೆ ಎಂದು ನನಗೆ ಗೊತ್ತಿಲ್ಲವೇ? ಅದನ್ನು ಹ್ಯಾಲೊರನ್ನನಿಗೆ ಕಲಿಸಿಕೊಟ್ಟ ಮೇಷ್ಟ್ರೇ ನಾನು. ನನ್ನ ಪಾಲಿನದನ್ನು ಬೇಡ ಎಂದು ಬಿಟ್ಟು ಬಂದದ್ದಕ್ಕೆ, ನಾನೇ ರೀಲು ಹಾಕಿದ ಡಬ್ಬಿ ನನ್ನ ಮನೆಗೇ ನಡೆದುಕೊಂಡು ಹೋಗಿತ್ತು.

ಗಾಡಿ ಹೇಗೆ ಓಡಿಸಿದೆನೋ! ವಾದಿ ಅದೈ ತಿರುವಿನಲ್ಲಿ ಒಂದು ನೀರಿನ ಟ್ಯಾಂಕರು ಅಡ್ಡ ಬಂತು. ಹಾರನ್ ಒತ್ತಿ ಹಿಡಿದು ಮಣ್ಣಿಗಿಳಿಸಿ ಮುಂದೆ ಹೋದೆ. ಅಲ್ ಖುವೈರ್... ಸಿಗ್ನಲ್ಲು ಕೆಂಪು. ನಿಲ್ಲಿಸಲಿಲ್ಲ. ಡ್ಯಾಶ್‌ಬೋರ್ಡಿನ ಗಂಟೆ ಟಿಣ್ ಟಿಣ್ ಎನ್ನುತ್ತಲೇ ಇತ್ತು.

ಗುಬ್ರಾ ಬಂತು. ಕಾರ್ಮಿನ್‌ಳ ಬಿಲ್ಡಿಂಗಿನ ಕೆಳಗೆ ಬಿಳಿ ಲ್ಯಾಂಡ್ ಕ್ರೂಸರ್ ನಿಂತಿತ್ತು! ಮೇಲೆ ಹುಡುಕುತ್ತಿದ್ದಾರೆ. ಡಬ್ಬಿ ಸಿಗುವುದಿಲ್ಲ. ಎಲ್ಲಿ ಎಂದು ಕೇಳುತ್ತಾರೆ. ಅವಳು ಸುಳ್ಳು ಹೇಳಬೇಕಾದದ್ದೇನಿದೆ? ಪಕ್ಕದ ಮನೆಗೆ ಕೊಟ್ಟೆ ಎನ್ನುತ್ತಾಳೆ. ಆಮೇಲೆ ರೀಲು ಸಿಗುವುದು ನನ್ನ ಮನೆಯಲ್ಲಿ, ಜೈಲು ಹರಿಣಾಕ್ಷಿಗೆ!

ಮೆಟ್ಟಿಲು ಹಾರಿ ಮನೆಗೆ ನುಗ್ಗಿದೆ. ಡಬ್ಬಿ ಟೇಬಲ್ಲಿನ ಮೇಲೆ. ಸುರಿದೆ! ನೆವ್ರಿ, ಕಿಡಿಯೊ ಎಲ್ಲ ನೆಲಕ್ಕೆ ಬಿದ್ದವು. ಮಗಳು ಕಿರುಚಿದಳು. ಬೆಣ್ಣೆ ಕಾಗದ ಎತ್ತಿದೆ.

ಏನೂ ಇಲ್ಲ!

"ಕುಪ್ಪಿ ಎಲ್ಲಿ? ಕಪ್ಪು ಕುಪ್ಪಿ!"

"ಅದಾ? ತಳದಲ್ಲಿ ಸಿಕ್ಕಿದ ಫೋಟೊ ರೀಲಲ್ವಾ?" ಹರಿಣಾಕ್ಷಿ ಗಾಬರಿಯಾಗಿ ನೋಡುತ್ತಿದ್ದಳು. "ಪೊರ್ಬು ತೊಳೆಸ್ಲಿಕ್ಕೆ ತಂಗಿಗೆ ಕಳಿಸಿದ್ದು ಅಂತ ಗ್ರಹಿಸಿದೆ. ಈಗ ಕೊಟ್ಟು ಬರುವ ಅಂತ ಹೊರಟಿದ್ದೆ..."

ಅವಳು ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಕುಪ್ಪಿ! ಚಪ್ಪಲಿ ಆಗಲೇ ಕಾಲಲ್ಲಿತ್ತು. ಇನ್ನೊಂದು ನಿಮಿಷ ತಡವಾಗಿದ್ದರೆ ನನ್ನ ಹೆಂಡತಿ ತಾನಾಗಿ ಅದನ್ನು ಕೊಂಡುಹೋಗಿ ಹ್ಯಾಲೊರನ್ನನ ಕೈಗೇ ಇಡುತ್ತಿದ್ದಳು. ನಗುತ್ತಾ ಇಡುತ್ತಿದ್ದಳು.

ಕಿತ್ತುಕೊಂಡು ಓಡಿದೆ. ಕೆಳಗೆ ಹ್ಯಾಲೊರನ್ ಗಾಡಿಯಿಂದ ನನ್ನ ಬಿಲ್ಡಿಂಗಿನ ಕಡೆಗೇ ಕೈ ತೋರಿಸುತ್ತಿದ್ದ. ನನ್ನನ್ನು ಕಂಡ.

"ಹೇ! ನಿಲ್ಲು!"

ಡಾಟ್ಸನ್ ಸಮುದ್ರದ ಕಡೆ ತಿರುಗಿಸಿದೆ. ಹಿಂದೆ ಲ್ಯಾಂಡ್ ಕ್ರೂಸರ್. ಕಲ್ಲು ಮಣ್ಣಿನ ದಾರಿ, ಧೂಳು, ಬಲಕ್ಕೆ ಪ್ಲಾಂಟಿನ ಚಿಮಣಿಗಳು. ಒಮ್ಮೆ ಹಿಂದಿನಿಂದ ಗುದ್ದಿದರು. ಸ್ಟೀರಿಂಗಿಗೆ ಹಲ್ಲು ಬಡಿಯಿತು. ಬಾಯಿ ತುಂಬ ರಕ್ತ. ಮರಳಿಗೆ ಬಂದದ್ದೇ ಪಿಕಪ್ಪಿನ ಹಿಂದಿನ ಚಕ್ರ ಹೂತುಹೋಯಿತು. ಇಳಿದು ಓಡಿದೆ. ಎಡವಿ ಬಿದ್ದೆ, ಎದ್ದೆ, ಮತ್ತೆ ಓಡಿದೆ. ನೀರಿನ ಅಂಚು.

ಬಿಸಿಲು ಇನ್ನೂ ಇತ್ತು. ದೇವರು ದೊಡ್ಡವನು, ಬಿಸಿಲು ಇತ್ತು!

ಕುಪ್ಪಿ ಕಚ್ಚಿ ತೆರೆದೆ. ರೀಲಿನ ತುದಿ ಹಿಡಿದು ಎಳೆದೆ. ಎಳೆದೆ, ಎಳೆದೆ... ಗಜಗಟ್ಟಲೆ ಹೊರಗೆ ಬಂತು. ರನ್‌ವೇ, ಶೆಡ್ಡು, ವಿಮಾನ ಏನೇನಿತ್ತೋ ಎಲ್ಲ ಒಮಾನಿನ ಸೂರ್ಯನಿಗೆ ತೋರಿಸಿಬಿಟ್ಟೆ.

ಹ್ಯಾಲೊರನ್ ಬಂದು ನಿಂತ. ಏದುಸಿರು. ನನ್ನ ಕಾಲ ಬಳಿ ಸುರುಳಿ ಬಿದ್ದ ಫಿಲ್ಮು ನೋಡಿದ. ಮುಖ ಕೆಂಪಡರಿತು.

"ನನ್ನ ಜೊತೆ ಡಬಲ್ ಗೇಮ್ ಆಡಿದೆಯಾ? ಹಂಝ! ಹೊಡಿ ಅವನಿಗೆ!"

ಹಂಝ ಅಂಗಿಯ ಕಾಲರ್ ಹಿಡಿದು ಎತ್ತಿದ. ಹೊಟ್ಟೆಗೆ ಒಂದು ಬಿತ್ತು. ಎರಡನೆಯದು ಬರುವ ಮುಂಚೆ ಕಿವಿಯ ಹತ್ತಿರ ಬಾಗಿ ಹೇಳಿದ. "ಬಿದ್ದುಬಿಡಿ ಮಾರಾಯ್ರೆ. ಏಳ್ಬೇಡಿ."

ಬಿದ್ದೆ. ಏಳಲಿಲ್ಲ.

ದೂರದಲ್ಲಿ ಬಲೆ ಎಳೆಯುತ್ತಿದ್ದ ಒಮಾನಿ ಮೀನುಗಾರರು ಹಗ್ಗ ಬಿಟ್ಟು ನಮ್ಮ ಕಡೆ ಬಂದರು. "ಏಶ್ ಫೀ?" ಮುದುಕನೊಬ್ಬ ಕೇಳಿದ. ಏನು ಗಲಾಟೆ ಎಂದು. ಅವನ ಕೈಯಲ್ಲಿ ಮೀನು ಕೊಯ್ಯುವ ಕತ್ತಿ ಸುಮ್ಮನೆ ನೇತಾಡುತ್ತಿತ್ತು. ಹ್ಯಾಲೊರನ್ ಹಲ್ಲು ಕಿರಿದ. ಆ ದೇಶದವರ ಕಣ್ಣೆದುರು ರಂಪ ಆಗಬಾರದು, ಅದು ಅವನಿಗೂ ಗೊತ್ತು. ಏನಿಲ್ಲ, ಸ್ನೇಹಿತರು ಎಂದ. ಗಾಡಿ ಹತ್ತಿದ. ಹತ್ತುವಾಗ ನನ್ನ ಪಾಸ್‌ಪೋರ್ಟು ತೆಗೆದು ಅದೇ ಎರಡು ಬೆರಳಲ್ಲಿ ಹಿಡಿದು ಮರಳಿಗೆ ಬಿಟ್ಟ.

"ನಿನ್ನ ಕಫೀಲ್ ನಾಳಿದ್ದು ವೀಸಾ ರದ್ದು ಮಾಡಿ ಎಕ್ಸಿಟ್ ಸೀಲು ಹೊಡೆಸುತ್ತಾನೆ. ಯಲ್ಲಾ, ಮನೆಗೆ ಹೋಗು."

ಸಿನಿಮಾ ಆಗಿದ್ದರೆ ಇಲ್ಲಿಗೆ ಮುಗಿಯಬೇಕಿತ್ತು. ಬಾಯಿಯ ರಕ್ತ ಒರೆಸಿಕೊಂಡು ಹೀರೋ ನಡೆದುಹೋಗಬೇಕಿತ್ತು. ಆದರೆ ನಿಮಗೆ ಸತ್ಯ ಹೇಳುತ್ತೇನೆ. ನಾನು ಕಾರ್ಮಿನ್‌ಗಾಗಿ ಓಡಲಿಲ್ಲ. ಆ ಡಬ್ಬಿ ಅವಳ ಮನೆಯಲ್ಲೇ ಇದ್ದಿದ್ದರೆ ನಾನು ರೂವಿಯಲ್ಲಿ ಚಹಾದ ಮುಂದೆಯೇ ಕೂತಿರುತ್ತಿದ್ದೆ. ಅವಳನ್ನು ಎಳೆದುಕೊಂಡು ಹೋಗುವವರೆಗೂ ಕೂತಿರುತ್ತಿದ್ದೆ. ಬೆಂಕಿ ನನ್ನ ಮನೆಗೆ ಬಂದದ್ದರಿಂದ ನೀರು ಹೊತ್ತೆ, ಅಷ್ಟೇ.

ಕಾರ್ಮಿನ್ ಮನೆಯವರಿಗೆ ಇದು ಗೊತ್ತಿಲ್ಲ ನೋಡಿ.

ಮರುದಿನ ಕಾರ್ಮಿನ್, ಲಿಗೋರಿ ಇಬ್ಬರೂ ಮನೆಗೆ ಬಂದರು. 'ಅಣ್ಣನ ಡಬ್ಬಿಯಲ್ಲಿ ರೀಲು ಇತ್ತು' ಎಂದು ಹ್ಯಾಲೊರನ್ ಅವಳ ಮೇಲೆ ಕಿರುಚಿದ್ದನಂತೆ. ಸಿಗಲಿಲ್ಲ, ಹಾಗಾಗಿ ಏನೂ ಮಾಡಲಾಗಲಿಲ್ಲ. ರೀಲಿನ ಸುದ್ದಿ ರೂವಿಯಲ್ಲಿ ಕಿವಿಗೆ ಬಿತ್ತು, ಅದಕ್ಕೇ ಓಡಿ ಬಂದೆ ಎಂದು ನಾನು ಹರಿಣಾಕ್ಷಿಗೆ ಹೇಳಿದ್ದೆ, ಅವಳು ಅವರಿಗೆ ಹೇಳಿದ್ದಳು.

"ನೀವು ಇಲ್ಲದಿದ್ರೆ ನನ್ನ ಕತೆ ಮುಗೀತಿತ್ತು ಭೋಜಣ್ಣ," ಎಂದಳು. ಅಳುತ್ತಿದ್ದಳು. "ಯಾರೋ ಪಾಪಿಗಳು ಹಾಕಿದ್ದು. ನೀವು ಪೆಟ್ಟು ತಿಂದು ನಮ್ಮನ್ನು ಉಳಿಸಿದ್ರಿ."

ಲಿಗೋರಿ ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಹರಿಣಾಕ್ಷಿ ನನ್ನನ್ನು ನೋಡುತ್ತಿದ್ದ ರೀತಿಯೇ ಬೇರೆಯಾಗಿತ್ತು. ಮದುವೆಯಾದ ಹೊಸತರಲ್ಲೂ ಅವಳು ಹಾಗೆ ನೋಡಿದ್ದಿಲ್ಲ. ನನಗೆ ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು ಅನಿಸಿತು. ಹೋದೆ ಕೂಡ. ಕನ್ನಡಿ ನೋಡಲಿಲ್ಲ.

ಆ ಸಂಜೆ ಫೌಸ್ಟಿನ್ ಫೋನ್ ಮಾಡಿದ.

"ಭೋಜಣ್ಣ, ಒಂದು ಮಾತು ಕೇಳ್ಬೇಕು. ಸಾಹೇಬ್ರಿಗೆ ಎಲ್ಲ ಹೇಳಿದೆ. ಅವ್ರು ಕೇಳ್ತಾ ಇದ್ದಾರೆ. ನೀವು ಡಬ್ಬಿ ತಗೊಂಡು ಹೋಗುವಾಗ ದಾರಿಯಲ್ಲಿ ಯಾರಾದ್ರೂ ಮುಟ್ಟಿದ್ರಾ?"

ಒಂದು ಮಾತು ಸಾಕಿತ್ತು. ಹೌದು ಎಂದರೆ ಮುಗಿಯುತ್ತಿತ್ತು. ಹರಿಣಾಕ್ಷಿ ಪಕ್ಕದಲ್ಲೇ ನಿಂತು ನನ್ನ ತುಟಿಯ ಗಾಯಕ್ಕೆ ಅರಿಸಿನ ಹಚ್ಚುತ್ತಿದ್ದಳು.

"ಇಲ್ಲ ಪೊರ್ಬುಗಳೇ," ಎಂದೆ. "ಯಾರೂ ಮುಟ್ಟಿಲ್ಲ."

"ಹಾಗಾದ್ರೆ ಇಲ್ಲಿಯೇ ಹಾಕಿದ್ದು." ಅವನು ನಿಟ್ಟುಸಿರು ಬಿಟ್ಟ. "ಅಡುಗೆಮನೆಯಲ್ಲಿ ಇದ್ದದ್ದು ನಾವಿಬ್ರೇ. ನಾನು, ಅವ. ಅವನೇ ಅಮೆರಿಕದವರ ಜನ ಆಗಿರ್ಬೇಕು. ನಂಬ್ಲಿಕ್ಕೇ ಆಗುದಿಲ್ಲ ಭೋಜಣ್ಣ... ಮೊನ್ನೆಯಷ್ಟೇ ಲೈಸೆನ್ಸ್ ಆದದ್ದು."

ನಾನು ರಿಸೀವರ್ ಇಟ್ಟೆ. ಅರಿಸಿನ ಉರಿಯುತ್ತಿತ್ತು.

ಆಮೇಲಿನದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಎಷ್ಟು ಆಣೆ ಹಾಕಿದರೂ ಯಾರೂ ಕೇಳಲಿಲ್ಲ. ಬಟ್ಟೆ ಕಟ್ಟಿಕೊಳ್ಳಲೂ ಸರಿಯಾಗಿ ಬಿಡಲಿಲ್ಲ. ಎಕ್ಸಿಟ್ ಮಾಡಿಸಲು ಆ ಮನೆಯ ಕಫೀಲ್ ಯಾರನ್ನು ಕರೆದ ಹೇಳಿ? ರೂವಿಯಲ್ಲಿ ಇಂಥ ಕೆಲಸಕ್ಕೆ ಇರುವುದು ಒಬ್ಬನೇ. ಭೋಜಣ್ಣ! ನಿಮ್ಮ ಪಾಸ್‌ಪೋರ್ಟಿಗೆ ಸೀಲು ಹೊಡೆಸಿದ್ದು ನಾನು. ಈ ಟಿಕೆಟ್ಟು ತೆಗೆದದ್ದು ನಾನು. ನನ್ನದನ್ನೂ ಪಕ್ಕದಲ್ಲೇ ತೆಗೆದದ್ದು ನಾನು.

ಹೌದು ಬಾಸಿಲ್. ಬಾಣಲೆ ಉಜ್ಜುತ್ತಿದ್ದ ಆ ಬೆನ್ನು ನಿಮ್ಮದು. ಮುಖ ನೋಡಿರಲಿಲ್ಲ. ಪಾಸ್‌ಪೋರ್ಟಿನ ಫೋಟೊದಲ್ಲಿ ನೋಡಿದೆ, ಇವತ್ತು ಬೆಳಿಗ್ಗೆ ಕೌಂಟರಿನ ಸಾಲಿನಲ್ಲಿ ನೋಡಿದೆ. ನೀವು ಅಂಗಿಯ ಜೇಬಿನಿಂದ ಆ ಹೊಸ ಲೈಸೆನ್ಸು ತೆಗೆದು ನೋಡಿ, ಮತ್ತೆ ಒಳಗೆ ಇಟ್ಟಿರಿ. ಅದರಿಂದ ಇನ್ನು ಎಲ್ಲಿಯೂ ಉಪಯೋಗ ಇಲ್ಲ ಎಂದು ನಿಮಗೂ ಗೊತ್ತಿತ್ತು.

ಹಿಂದೆ ತಿರುಗಿ ನೋಡಬೇಡಿ. ಎರಡು ಸಾಲು ಬಿಟ್ಟು ಹರಿಣಾಕ್ಷಿ ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತಿದ್ದಾಳೆ. ಅವಳಿಗೆ ಇದೊಂದೂ ಗೊತ್ತಿಲ್ಲ. ನಾನು ನಿಮ್ಮ ಹತ್ತಿರ ಊರಿನ ವಿಷಯ ಮಾತಾಡುತ್ತಿದ್ದೇನೆ ಎಂದುಕೊಂಡಿದ್ದಾಳೆ. ದೀಪ ಆರಿದ ಮೇಲೆ ಬೇಕಾದರೆ ಎದ್ದು ಹೋಗಿ ಹೇಳಿ. ನಾನು ತಡೆಯುವುದಿಲ್ಲ. ಬೊಂಬಾಯಿಯಲ್ಲಿ ಇಳಿದ ಕೂಡಲೇ ಫೋನ್ ಬೂತಿಗೆ ಹೋಗೋಣ. ಫೌಸ್ಟಿನ್‌ಗೆ ಹಚ್ಚುತ್ತೇನೆ. ನೀವು ಪಕ್ಕದಲ್ಲಿ ನಿಂತು ಕೇಳಿ. ಕೆಲಸ ಮತ್ತೆ ಸಿಗುವುದಿಲ್ಲ, ನಿಜ. ಹೆಸರಾದರೂ ತೊಳೆಯಬಹುದು.

ಮಸ್ಕತ್ತಿನಲ್ಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಕೇಳಿ. ಹೆಂಡತಿ ಮಗಳು ಈ ವಿಮಾನ ಹತ್ತುವವರೆಗೆ ಧೈರ್ಯ ಬರಲಿಲ್ಲ. ಅಷ್ಟೇ ನಾನು.

ಇದು ನೋಡಿ, ನನ್ನ ತೊಡೆಯ ಮೇಲಿರುವುದು. ಅದೇ ನೀಲಿ ಡಬ್ಬಿ. ಖಾಲಿ ಹಿಂದೆ ಕಳಿಸಬಾರದು ಎಂದು ಹರಿಣಾಕ್ಷಿ ಚಕ್ಕುಲಿ ತುಂಬಿಸಿ ಕೊಟ್ಟಿದ್ದಳು. ಖಾಲಿ ಕಳಿಸಬಾರದು ಎಂದು ಕಾರ್ಮಿನ್ ಮತ್ತೆ ನೆವ್ರಿ ತುಂಬಿಸಿ ಏರ್‌ಪೋರ್ಟಿಗೇ ತಂದಳು. ನಮ್ಮನ್ನು ಉಳಿಸಿದವರು ಎಂದು ಹತ್ತು ಜನರ ಎದುರು ನನ್ನ ಕಾಲು ಮುಟ್ಟಲು ಬಂದಳು. ಸಾಲಿನಲ್ಲಿ ಹಿಂದೆ ನೀವು ನಿಂತಿದ್ದಿರಿ. ನಿಮ್ಮನ್ನು ನೋಡಿ ಅವಳು ಮುಖ ತಿರುಗಿಸಿದಳು.

ಇಳಿಯಿತು... ಚಕ್ರ ನೆಲಕ್ಕೆ ತಾಗಿತು. ನಿಂತಿತು. ದೀಪವೂ ಆರಿತು ನೋಡಿ.

ಬೆಲ್ಟು ಬಿಚ್ಚಿಕೊಳ್ಳಿ ಬಾಸಿಲ್. ಹೊಡೆಯುವುದಿದ್ದರೆ ಈಗ ಹೊಡೆಯಿರಿ... ಡಬ್ಬಿ ಕೆಳಗಿಟ್ಟಿದ್ದೇನೆ.